ಸಾಂಗಾನೇರಿನ ಚೀಟಿಯೂ ಬೇಸಗೆಯ ನಿಲುವಂಗಿಯೂ

ವೈಶಾಖದ ಬಿಸಿಲು ಏರತೊಡಗಿತೆಂದರೆ ಗೃಹಿಣಿಯರಿಗೆ ಎರಡು ಚಿಂತೆಗಳು ಒಟ್ಟಿಗೆ ಹುಟ್ಟುವುವು. ಒಂದು, ಮಾಳಿಗೆಯ ಮೇಲೆ ಹರವಿದ ಹಪ್ಪಳ ಸಂಡಿಗೆಗಳನ್ನು ಕಾಗೆಯಿಂದ ಕಾಯುವುದು. ಇನ್ನೊಂದು, ಒಲೆಯ ಮುಂದೆ ನಿಂತು ಬೇಯುವ ಮೈಗೆ ಏನನ್ನು ತೊಡಿಸುವುದು. ಮೊದಲನೆಯದರ ವಿಚಾರ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದಿತು. ಎರಡನೆಯದರ ವಿಚಾರವಾಗಿ ಇಂದಿನ ಅಂಗಡಿಬೀದಿ ನಮಗೆ ಹೇಳುವ ಉತ್ತರ ಒಂದೇ: ‘ಮ್ಯಾಕ್ಸಿ’. ಹೆಗಲಿನಿಂದ ಹಿಮ್ಮಡಿಯವರೆಗೆ ಒಂದೇ ಸಮನೆ ಇಳಿಯುವ ಹತ್ತಿಯ ನಿಲುವಂಗಿಗೆ ಈಗ ಇರುವ ಹೆಸರು ಅದು. ಕಾಲೇಜಿಗೆ ಹೋಗುವ ಹುಡುಗಿ ಅದನ್ನು ತೊಟ್ಟು ಬೀದಿಗೆ ಹೊರಡುವಳು. ನಮ್ಮ ಕರಾವಳಿಯ ಕೆಲವು ಮನೆಗಳಲ್ಲಿ ಅದೇ ಹೆಸರಿನಿಂದ ರಾತ್ರಿ ಮಲಗುವ ಅಂಗಿಯನ್ನು ಕರೆಯುವರು. ಹೆಸರೊಂದು, ಉಡುಪೆರಡು. ಈ ಗೊಂದಲದಿಂದಲೇ ನಮ್ಮ ಮನೆಯಲ್ಲಿ ಒಂದು ಸಂಕಟ ಹುಟ್ಟಿದ್ದಿತು.

ನನ್ನ ಅತ್ತೆಯವರಿಗೆ ಈಗ ೭೮ ವರ್ಷ. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಅವರ ಬಲಗೈ ಹೆಗಲಿನ ಬಳಿ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು; ಆದರೆ ತೋಳು ಎದೆಯ ಮಟ್ಟಕ್ಕಿಂತ ಮೇಲೇಳದಾಯಿತು. ಅರುವತ್ತು ವರ್ಷ ತಾವೇ ನೆರಿಗೆ ಹಿಡಿದು ಸೀರೆಯುಟ್ಟವರಿಗೆ ಇನ್ನೊಬ್ಬರ ಕೈಯಿಂದ ಉಡಿಸಿಕೊಳ್ಳುವುದು ಒಪ್ಪಿಗೆಯಾಗಲಿಲ್ಲ. ಕೊನೆಗೆ ಮುಂದೆ ಗುಂಡಿಯಿದ್ದ ರಾತ್ರಿಯ ಅಂಗಿಯನ್ನೇ ಹಗಲೂ ತೊಡತೊಡಗಿದರು. ಆದರೆ ಬಾಗಿಲ ಗಂಟೆ ಬಾರಿಸಿತೋ, ಎದ್ದು ಒಳಗಿನ ಕೋಣೆಗೆ ಹೋಗಿ ಕದ ಹಾಕಿಕೊಳ್ಳುವರು. ಮನೆಗೆ ಬಂದವರಿಗೆಲ್ಲ ತಾವೇ ಕಾಫಿ ಕೊಟ್ಟು ಯೋಗಕ್ಷೇಮ ಕೇಳುತ್ತಿದ್ದ ಆಕೆ ಒಂದು ವರ್ಷ ಹಜಾರದಲ್ಲಿ ಕುಳಿತುದೇ ಇಲ್ಲ. ಕೈ ಮುರಿದುದಕ್ಕಿಂತ ಇದೇ ನಮಗೆ ಹೆಚ್ಚಿನ ನೋವಾಗಿದ್ದಿತು.

ಫಾಲ್ಗುಣದಲ್ಲಿ ಬಂಧುಗಳೊಬ್ಬರ ಮದುವೆಗಾಗಿ ನಾನೂ ನನ್ನ ಮಗಳೂ ಜಯಪುರಕ್ಕೆ ಹೊರಟಾಗ ಅತ್ತೆಯವರು ನನ್ನನ್ನು ಕರೆದು, “ನೋಡಮ್ಮ, ಆ ಕಡೆ ಒಳ್ಳೆಯ ಚೀಟಿಬಟ್ಟೆ ಸಿಕ್ಕುತ್ತದಂತೆ. ನನಗೊಂದು ಅಂಗಿಗೆ ತಾ. ಕಾಲು ಮುಚ್ಚಬೇಕು, ಸೆಕೆಯಾಗಬಾರದು. ಆದರೆ ಯಾರಾದರೂ ಬಂದರೆ ಹಾಸಿಗೆಯಿಂದ ಎದ್ದು ಬಂದವಳ ಹಾಗೆ ಕಾಣಬಾರದು” ಎಂದರು. “ಆಗಲಿ ಅತ್ತೆ” ಎಂದೆ. ಹೇಳಿದಷ್ಟು ಸುಲಭವಲ್ಲ ಇದು ಎಂಬುದು ಜಯಪುರವನ್ನು ಸೇರಿದ ಮೇಲೆ ತಿಳಿಯಿತು.

ಜಯಪುರವನ್ನು ಸವಾಯಿ ಜಯಸಿಂಹನು ೧೭೨೭ರಲ್ಲಿ ಕಟ್ಟಿಸಿದನು. ನೇರವಾದ ಬೀದಿಗಳು, ಸಮನಾದ ಅಂಗಡಿಸಾಲುಗಳು, ೧೮೭೬ರಲ್ಲಿ ಇಂಗ್ಲೆಂಡಿನ ಯುವರಾಜನ ಭೇಟಿಗಾಗಿ ಬಳಿಸಿದರೆಂದು ಹೇಳುವ ಗುಲಾಬಿ ಬಣ್ಣ. ಇವನ್ನೆಲ್ಲ ಯಾತ್ರಿಕರು ಬರೆದೇ ಇರುವರು. ನನ್ನ ಕಣ್ಣು ಮಾತ್ರ ಬಟ್ಟೆಯ ಮೇಲೆಯೇ ಇದ್ದಿತು. ಅರಮನೆಯ ಮುಬಾರಕ್ ಮಹಲಿನಲ್ಲಿ ರಾಜರ ಉಡುಪುಗಳನ್ನು ಇರಿಸಿರುವರು. ಹದಿನೆಂಟನೆಯ ಶತಮಾನದಲ್ಲಿ ಆಳಿದ ಒಂದನೆಯ ಮಾಧೋಸಿಂಹನದೆಂದು ತೋರಿಸುವ ಹತ್ತಿ ತುಂಬಿದ ನಿಲುವಂಗಿಯ ವಿಸ್ತಾರವನ್ನು ನೋಡಿ ನನ್ನ ಮಗಳು, “ಅಮ್ಮ, ಇದರಲ್ಲಿ ನಾವು ನಾಲ್ವರು ಸೇರಬಹುದು” ಎಂದು ನಕ್ಕಳು. ಅವಳು ನಕ್ಕರೂ ಅಲ್ಲಿ ನನಗೊಂದು ವಿಚಾರ ಹೊಳೆಯಿತು. ಅಡಿಯವರೆಗೆ ಇಳಿಯುವ ಅಂಗಿ ಈ ನಾಡಿಗೆ ಹೊಸದಲ್ಲ. ನಡುವಿನವರೆಗೆ ಬಿಗಿಯಾಗಿ, ಅಲ್ಲಿಂದ ಕೆಳಗೆ ಘೇರುಗಟ್ಟಿ ಇಳಿಯುವ ‘ಜಾಮಾ’ ಮೊಗಲರ ಕಾಲದ ಆಸ್ಥಾನಗಳಲ್ಲಿ ಗಂಡಸರ ಗೌರವದ ಉಡುಪು. ಎದೆಯ ಮೇಲೆ ಒಂದರ ಮೇಲೊಂದು ಬರುವಂತೆ ಹೊದಿಸಿ ಪಕ್ಕದಲ್ಲಿ ದಾರದಿಂದ ಕಟ್ಟುವ ‘ಅಂಗರಖಾ’ ಅದರ ಸೋದರ. ನಮ್ಮ ಹಳ್ಳಿಗಳ ಮುದುಕರು ತೊಡುತ್ತಿದ್ದ, ನಮ್ಮ ಕೂಸುಗಳಿಗೆ ಈಗಲೂ ತೊಡಿಸುವ ಕಸೆಯಂಗಿಯು ಇದೇ ಕುಲದ್ದಲ್ಲವೇ?

‘ಮ್ಯಾಕ್ಸಿ’ ಎಂಬ ಹೆಸರು ಮಾತ್ರ ಈಚಿನದು. ೧೯೬೦ರ ದಶಕದ ನಡುವಿನಲ್ಲಿ ಲಂಡನ್ನಿನಿಂದ ಮೊಣಕಾಲಿಗಿಂತ ಮೇಲೆ ನಿಲ್ಲುವ ‘ಮಿನಿ’ ಲಂಗ ಹಬ್ಬಿತು. ಆ ದಶಕದ ಕೊನೆಗೆ ಅದಕ್ಕೆ ಎದುರಾಗಿ ಅಡಿ ಮುಟ್ಟುವ ಉಡುಪು ಬಂದು ‘ಮ್ಯಾಕ್ಸಿ’ ಎನ್ನಿಸಿಕೊಂಡಿತು. ಆದರೆ ತೆಳುವಾದ ಹತ್ತಿಬಟ್ಟೆಯ ನಿಲುವಂಗಿಯನ್ನು ಕುರಿತ ಜಗಳ ಇದಕ್ಕಿಂತ ಬಹಳ ಹಳೆಯದು. ಫ್ರಾನ್ಸಿನ ರಾಣಿ ಮರೀ ಆಂತ್ವಾನೆತ್ ಬಿಳಿಯ ಮಸ್ಲಿನಿನ ಸಡಿಲವಾದ ಅಂಗಿಯನ್ನು ತೊಟ್ಟಿರುವಂತೆ ಚಿತ್ರಿಸಿದ ಪಟವೊಂದನ್ನು ೧೭೮೩ರಲ್ಲಿ ವಿಜೀ ಲಬ್ರನ್ ಎಂಬ ಚಿತ್ರಗಾರ್ತಿ ಪ್ಯಾರಿಸಿನ ಪ್ರದರ್ಶನದಲ್ಲಿಟ್ಟಳು. ರಾಣಿಯು ಒಳಯಂಗಿಯಲ್ಲಿಯೇ ಜನರೆದುರಿಗೆ ಬಂದಳೆಂದು ದೊಡ್ಡ ಕೋಲಾಹಲವೆದ್ದು, ಆ ಪಟವನ್ನು ತೆಗೆದು ಬೇರೊಂದನ್ನು ಇಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಯೂರೋಪಿನ ಹೆಂಗಸರೆಲ್ಲರೂ ಅಂಥ ಅಂಗಿಯನ್ನೇ ಮೆಚ್ಚಿ ತೊಟ್ಟರೆಂಬುದೂ, ಅದಕ್ಕಾಗಿ ನಮ್ಮ ದೇಶದ ಮಸ್ಲಿನಿಗೆ ಬೇಡಿಕೆ ಹೆಚ್ಚಿತೆಂಬುದೂ ಚರಿತ್ರೆಯ ವಿನೋದ. ಹಾಸಿಗೆಯಿಂದ ಎದ್ದು ಬಂದವಳಂತೆ ಕಾಣಬಾರದೆಂಬ ಅತ್ತೆಯವರ ಮಾತು ಒಂದು ಅಂತಃಪುರವನ್ನೇ ಅಲುಗಿಸಿದ ಮಾತೆಂದು ಅವರಿಗೆ ತಿಳಿದಿರಲಿಲ್ಲ.

ಮೊದಲ ದಿನವೇ ನಗರದ ಒಂದು ಅಂಗಡಿಯಲ್ಲಿ ಬಟ್ಟೆ ಕೊಂಡೆವು. ಬಿಳಿಯ ನೆಲದ ಮೇಲೆ ಸಣ್ಣ ಕೆಂಪು ಹೂವು, ಹಸುರು ಎಲೆ. ಅಚ್ಚುಮರದಿಂದ ಕೈಯಲ್ಲಿ ಒತ್ತಿದುದೆಂದು ಅಂಗಡಿಯವನು ಹೇಳಿದುದನ್ನು ನಂಬಿ, ಅವನು ಕೇಳಿದಷ್ಟನ್ನು ಕೊಟ್ಟು ಬಂದೆ. ಒಳ್ಳೆಯ ವ್ಯಾಪಾರ ಮಾಡಿದೆನೆಂಬ ಹೆಮ್ಮೆ ಒಂದು ರಾತ್ರಿ ಮಾತ್ರ ಉಳಿಯಿತು.

ಮರುದಿನ ಸಾಂಗಾನೇರಿಗೆ ಹೋದೆವು. ಅದು ಜಯಪುರದ ದಕ್ಷಿಣಕ್ಕೆ ಸುಮಾರು ೧೬ ಕಿಲೋಮೀಟರು. ವಿಮಾನ ನಿಲ್ದಾಣ ಅಲ್ಲಿಯೇ ಇರುವುದರಿಂದ ಜಯಪುರಕ್ಕೆ ಹಾರಿ ಬಂದವರೆಲ್ಲರೂ ತಿಳಿಯದೆಯೇ ಸಾಂಗಾನೇರನ್ನು ಮೆಟ್ಟಿರುವರು. ಈಗ ಊರು ನಗರದಲ್ಲಿ ಕರಗಿಹೋಗಿದೆ. ಆದರೂ ಹಳೆಯ ಬೀದಿಗಳನ್ನು ಹೊಕ್ಕರೆ ಕೆತ್ತನೆಯ ಜೈನ ಬಸದಿಯೊಂದು, ಕೈಯಿಂದ ಕಾಗದ ಮಾಡುವ ಕಾಗಜಿಗಳ ಮನೆಗಳು, ಬಟ್ಟೆಗೆ ಅಚ್ಚೊತ್ತುವ ಛೀಪರ ಮನೆಗಳು ಸಾಲಾಗಿ ಸಿಕ್ಕುವುವು. ಪರಿಚಿತರೊಬ್ಬರು ಹೇಳಿದ್ದರಿಂದ ಒಂದು ಕಾರ್ಯಾಗಾರದಲ್ಲಿ ನಮಗೆ ಪ್ರವೇಶ ದೊರೆಯಿತು.

ಒಳಗೆ ಉದ್ದನೆಯ ಮೇಜುಗಳು. ಅವುಗಳ ಮೇಲೆ ಗೋಣಿಯನ್ನೂ ಹಳೆಯ ಬಟ್ಟೆಯನ್ನೂ ಹಲವು ಪದರವಾಗಿ ಹಾಸಿ ಮೆತ್ತಗೆ ಮಾಡಿ, ಗಂಜಿ ತೆಗೆದು ಒಗೆದ ಬಿಳಿಯ ಬಟ್ಟೆಯನ್ನು ಸೂಜಿಗಳಿಂದ ಬಿಗಿದಿದ್ದರು. ಒತ್ತುವವನ ಪಕ್ಕದಲ್ಲಿ ಚಕ್ರವುಳ್ಳ ಸಣ್ಣ ಗಾಡಿ. ಅದರ ಮೇಲೆ ಬಣ್ಣದ ತಟ್ಟೆ. ಅವನು ಅಚ್ಚನ್ನು ತಟ್ಟೆಯಲ್ಲಿ ಮೃದುವಾಗಿ ಅದ್ದಿ, ಬಟ್ಟೆಯ ಮೇಲೆ ಗುರಿಯಿಟ್ಟು ಕೂರಿಸಿ, ಅದರ ಬೆನ್ನಿಗೆ ಅಂಗೈಬುಡದಿಂದ ಒಂದು ಗುದ್ದು ಕೊಡುವನು. ಧಪ್ ಎಂದು ಸದ್ದು, ಅಚ್ಚು ಎದ್ದಿತು, ಹೂವು ಉಳಿಯಿತು. ಮತ್ತೆ ಅದ್ದುವುದು, ಮತ್ತೆ ಗುದ್ದು. ಒಂದು ಹೂವಿಗೆ ಒಂದೇ ಅಚ್ಚು ಸಾಲದು. ಗೆರೆಗಳನ್ನು ಮೂಡಿಸುವ ಅಚ್ಚಿಗೆ ‘ರೇಖ್’ ಎಂದೂ, ನೆಲವನ್ನು ತುಂಬುವುದಕ್ಕೆ ‘ಗದ್’ ಎಂದೂ, ದಳಗಳ ಒಳಗೆ ಬಣ್ಣ ತುಂಬುವುದಕ್ಕೆ ‘ದತ್ತಾ’ ಎಂದೂ ಹೆಸರು. ಕೆಂಪಿಗೊಂದು, ಹಸುರಿಗೊಂದು ಹೀಗೆ ಬಣ್ಣಕ್ಕೊಂದು ಅಚ್ಚು ಬೇಕು. ನಾಲ್ಕು ಬಣ್ಣದ ಹೂವಿಗೆ ಅದೇ ಜಾಗದಲ್ಲಿ ನಾಲ್ಕು ಸಲ, ಕೂದಲೆಳೆಯಷ್ಟೂ ತಪ್ಪದಂತೆ ಗುದ್ದಬೇಕು. ಅಚ್ಚಿನ ಮೂಲೆಯ ಸಣ್ಣ ಚುಕ್ಕೆಯೊಂದೇ ಅವನಿಗೆ ಗುರುತು.

ಅಚ್ಚುಗಳನ್ನು ತೇಗದಲ್ಲಿ ಅಥವಾ ಶೀಷಂ ಮರದಲ್ಲಿ ಕೆತ್ತುವರು. ಹೊಸ ಅಚ್ಚನ್ನು ಕೂಡಲೇ ಬಳಸುವುದಿಲ್ಲ. ಹತ್ತು ಹದಿನೈದು ದಿನ ಸಾಸುವೆಯೆಣ್ಣೆಯಲ್ಲಿ ನೆನೆಹಾಕಿ ಪಳಗಿಸುವರು. ಅಚ್ಚಿನ ಮೈಯಲ್ಲಿ ಅಲ್ಲಲ್ಲಿ ಕೊರೆದ ಸಣ್ಣ ರಂಧ್ರಗಳನ್ನು ಕಂಡು ಹುಳ ತಿಂದುದೆಂದುಕೊಂಡೆ. ಹಾಗಲ್ಲ, ಬಣ್ಣಕ್ಕೂ ಬಟ್ಟೆಗೂ ನಡುವೆ ಸಿಕ್ಕಿದ ಗಾಳಿ ಹೊರಹೋಗಲೆಂದು ಬೇಕೆಂದೇ ಮಾಡಿದ ದಾರಿ ಅದು.

ಅಲ್ಲಿ ಒತ್ತುತ್ತಿದ್ದವರಲ್ಲಿ ಬಿಳಿಯ ಮೀಸೆಯ ಹಿರಿಯರೊಬ್ಬರಿದ್ದರು. ನಾನು ಚೀಲದಿಂದ ಹಿಂದಿನ ದಿನದ ಬಟ್ಟೆಯನ್ನು ತೆಗೆದು, ಇದು ನಿಮ್ಮ ಊರಿನದೇ ಎಂದು ಅಭಿಮಾನದಿಂದ ತೋರಿಸಿದೆ. ಅವರು ಕೈಯನ್ನು ಒರಸಿಕೊಂಡು ಬಟ್ಟೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ಹಿಮ್ಮೈಯನ್ನು ನೋಡಿ, ನಗುತ್ತ ಹಿಂದಕ್ಕೆ ಕೊಟ್ಟರು. “ಊರು ನಮ್ಮದೇ ಬೆಹೆನ್‌ಜೀ, ಕೈ ಮಾತ್ರ ನಮ್ಮದಲ್ಲ” ಎಂದು ಹಿಂದಿಯಲ್ಲಿ ಹೇಳಿದುದನ್ನು ನನ್ನ ಮಗಳು ತಿಳಿಸಿದಳು. ಅದು ಜಾಲರಿಯ ಚೌಕಟ್ಟಿನ ಮೂಲಕ ಬಣ್ಣ ಎಳೆದು ಮುದ್ರಿಸಿದ ಬಟ್ಟೆ. ಹಾಗೆ ಮಾಡಿದರೆ ಕೆಲಸ ಬಲು ಬೇಗ; ಬೆಲೆಯೂ ಕಡಮೆ. ಅದು ತಪ್ಪಲ್ಲ, ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ತಪ್ಪು.

ಗುರುತಿಸುವ ಬಗೆಯನ್ನೂ ಅವರೇ ಕಲಿಸಿದರು. ಸೋದರಿಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುವೆನು. ಕೈಯಚ್ಚಿನಲ್ಲಿ ಒಂದು ಒತ್ತು ಇನ್ನೊಂದನ್ನು ಸಂಧಿಸುವ ಕಡೆ ಎಲ್ಲೋ ಒಂದು ಎಳೆ ಮೇಲೆ ಬಿದ್ದಿರುವುದು, ಎಲ್ಲೋ ಒಂದು ಎಳೆ ಬಿಟ್ಟಿರುವುದು. ಒಂದು ಹೂವಿನಲ್ಲಿ ಬಣ್ಣ ತುಸು ಗಾಢ, ಮುಂದಿನದರಲ್ಲಿ ತುಸು ತಿಳಿ. ಕೆಂಪು ತನ್ನ ಗೆರೆಯಿಂದ ಒಂದಿಷ್ಟು ಆಚೆ ಚಾಚಿರಬಹುದು. ಹಿಮ್ಮೈಗೂ ಬಣ್ಣ ಸಾಕಷ್ಟು ಇಳಿದಿರುವುದು. ಎಲ್ಲ ಹೂವುಗಳೂ ಒಂದೇ ಸಮನಾಗಿ, ಗೆರೆ ಎಳೆದಂತೆ ಇದ್ದರೆ ಸಂಶಯಪಡಬೇಕು. ತಪ್ಪೇ ಇಲ್ಲದುದು ಯಂತ್ರದ್ದು. ಸಣ್ಣ ತಪ್ಪುಳ್ಳದ್ದು ಮನುಷ್ಯನದು.

ಆ ಹಿರಿಯರ ಮಕ್ಕಳು ಈ ಕೆಲಸದಲ್ಲಿಲ್ಲ. ಒಬ್ಬನು ಬಾಡಿಗೆಯ ವಾಹನ ನಡೆಸುವನು, ಇನ್ನೊಬ್ಬನು ಜಾಲರಿಯ ಮುದ್ರಣದ ಕಾರಖಾನೆಯಲ್ಲಿರುವನು. ಇದನ್ನು ಹೇಳುವಾಗ ಅವರ ದನಿಯಲ್ಲಿ ದೂರಿರಲಿಲ್ಲ. ಆದರೆ ನೀರಿನ ಮಾತು ಬಂದಾಗ ದನಿ ಬದಲಾಯಿತು. ಹಿಂದೆ ಅವರ ತಂದೆಯ ಕಾಲದಲ್ಲಿ ಹೊಳೆಯಲ್ಲಿ ಬಟ್ಟೆಯನ್ನು ಅಲುಬಿ, ದಡದ ಮರಳಿನ ಮೇಲೆ ಮೈಲುದ್ದ ಹರವುತ್ತಿದ್ದರಂತೆ. ಜಯಪುರದ ಕಡೆಯಿಂದ ಹರಿಯುವ ದ್ರವ್ಯವತಿಯು ನಗರದ ಕೊಳಚೆಯಿಂದಲೂ ಬಣ್ಣದ ಕಾರಖಾನೆಗಳ ನೀರಿನಿಂದಲೂ ಬಹಳ ಕಾಲ ಕೆಟ್ಟುಹೋಗಿದ್ದಿತು. ಈಗ ಅದನ್ನು ಶುದ್ಧಿಗೊಳಿಸಲು ಸರಕಾರ ದುಡ್ಡು ಸುರಿದಿದೆ. ಬಣ್ಣದ ನೀರನ್ನು ಒಟ್ಟುಗೂಡಿಸಿ ಸಂಸ್ಕರಿಸುವ ಸ್ಥಾವರವೂ ಉಂಟು. ಅಗ್ಗದ ಬಟ್ಟೆಯ ಬೆಲೆಯಲ್ಲಿ ಹೊಳೆಯ ಬೆಲೆ ಸೇರಿರುವುದಿಲ್ಲವೆಂಬುದನ್ನು ಕೊಳ್ಳುವ ನಾವೂ ನೆನೆಯಬೇಕಾಗಿದೆ.

ಬಣ್ಣದ ಕಥೆಯನ್ನು ಪೂರ್ತಿ ತಿಳಿಯಬೇಕೆಂದು ಮೂರನೆಯ ದಿನ ಬಗರೂವಿಗೆ ಹೋದೆವು. ಅದು ಅಜಮೇರಿನ ಹೆದ್ದಾರಿಯಲ್ಲಿ ಜಯಪುರದಿಂದ ಸುಮಾರು ೩೦ ಕಿಲೋಮೀಟರು. ಸಾಂಗಾನೇರಿನದು ಬಿಳಿಯ ನೆಲ, ನಾಜೂಕಾದ ಹೂವು; ಬಗರೂವಿನದು ಕೆನೆಯ ಬಣ್ಣದ ನೆಲ, ಕಪ್ಪು ಕೆಂಪುಗಳ ಗಟ್ಟಿಯಾದ ಚಿತ್ರ. ಆ ಕೆನೆಬಣ್ಣ ಎಲ್ಲಿಯದೆಂದು ಕೇಳಿದರೆ ನಮ್ಮ ಅಜ್ಜಿಯ ಮದ್ದಿನ ಡಬ್ಬಿ ನೆನಪಾಗುವಂಥ ಉತ್ತರ ಬಂದಿತು: ಅಳಲೆಕಾಯಿ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸುವರು. ಅದರ ಒಗರೇ ಬಣ್ಣವನ್ನು ಹಿಡಿಯುವ ಕೈ. ಕಬ್ಬಿಣದ ಚೂರುಗಳನ್ನು ಬೆಲ್ಲದೊಡನೆ ನೀರಿನಲ್ಲಿ ಹಲವು ದಿನ ಹುಳಿಯಲು ಬಿಟ್ಟು, ಅದನ್ನು ಅಂಟಿನೊಡನೆ ಕಲಸಿ ಒತ್ತಿದರೆ ಅಳಲೆಯ ಮೇಲೆ ಅಚ್ಚಕಪ್ಪಾಗುವುದು. ಪಟಿಕದ ಅಂಟಿನಿಂದ ಒತ್ತಿದ ಗುರುತು ಮೊದಲು ಕಂಡೂ ಕಾಣದಂತಿದ್ದು, ತಾಮ್ರದ ಹಂಡೆಯಲ್ಲಿ ಕೆಂಬಣ್ಣದ ನೀರಿನಲ್ಲಿ ಕುದಿಸಿದಾಗ ಕೆಂಪಾಗಿ ಏಳುವುದು. ಹಿಂದೆ ಈ ಕೆಂಪಿಗೆ ಮಂಜಿಷ್ಠದ ಬೇರು. ಈಗ ಬಹುಮಟ್ಟಿಗೆ ಅಲಿಜರಿನ್ ಎಂಬ ಪುಡಿ.

ಎಲ್ಲಕ್ಕಿಂತ ಚೆಲುವಾದುದು ಕೆಸರಿನ ಕೆಲಸ. ಇದಕ್ಕೆ ‘ದಾಬೂ’ ಎನ್ನುವರು. ಜೇಡಿಮಣ್ಣು, ಸುಣ್ಣ, ಅಂಟು, ಹುಳ ತಿಂದ ಗೋಧಿಯ ಪುಡಿ ಇವನ್ನು ಕಲಸಿ ಅಚ್ಚಿನಿಂದ ಬಟ್ಟೆಯ ಮೇಲೆ ಒತ್ತಿ, ಮೇಲೆ ಮರದ ಹೊಟ್ಟು ಚೆಲ್ಲಿ ಬಿಸಿಲಿನಲ್ಲಿ ಒಣಗಿಸುವರು. ಆಮೇಲೆ ನೀಲಿಯ ಹೊಂಡದಲ್ಲಿ ಮುಳುಗಿಸಿದರೆ ಮಣ್ಣು ಕೂತ ಕಡೆ ನೀಲಿ ಹೋಗದು. ಹೊಂಡದಿಂದ ಎತ್ತಿದಾಗ ಬಟ್ಟೆ ಹಸುರಾಗಿರುವುದು. ನೋಡುತ್ತಿರುವಂತೆಯೇ ಗಾಳಿ ತಗುಲಿ ನೀಲಿಯಾಗುವುದು. ತೊಳೆದಾಗ ಮಣ್ಣು ಹೋಗಿ ಕೆನೆಬಣ್ಣದ ಬಳ್ಳಿ ನೀಲಿಯೊಳಗಿಂದ ಮೂಡುವುದು. ಗೋಧಿಗೆ ಹುಳ ಬಿದ್ದರೆ ನಾವು ಕೊರಗುವೆವು. ಬಗರೂವಿನವರು ಅದನ್ನೂ ಕೆಲಸಕ್ಕೆ ಹಚ್ಚಿರುವರು. ಅಲ್ಲಿ ನೀಲಿಯ ನೆಲದ ಮೇಲೆ ಕೆನೆಯ ಹೂವಿದ್ದ ಬಟ್ಟೆಯೊಂದನ್ನು ಅತ್ತೆಯವರಿಗಾಗಿ ಆರಿಸಿದೆ. ಸಾಂಗಾನೇರಿನ ಹಿರಿಯರು ಒತ್ತಿದ ಬಿಳಿಯ ಬಟ್ಟೆಯನ್ನು ಮಗಳು ತನಗೆಂದು ಮೊದಲೇ ಕೊಂಡಿದ್ದಳು.

ಕಪ್ಪು, ಗಾಢನೀಲಿ ಬೇಸಗೆಗೆ ಸಲ್ಲವೆಂದು ಹೇಳುವವರುಂಟು. ಅಂಟಿಕೊಂಡ ಉಡುಪಿನ ವಿಷಯದಲ್ಲಿ ಅದು ನಿಜ. ಸಡಿಲವಾದ ನಿಲುವಂಗಿಯ ವಿಷಯದಲ್ಲಿ ಅಷ್ಟು ನಿಜವಲ್ಲ. ಮರುಭೂಮಿಯ ಬೆಡುಯಿನ್ ಜನರು ಉರಿಬಿಸಿಲಿನಲ್ಲಿಯೂ ಕರಿಯ ನಿಲುವಂಗಿ ತೊಡುವುದೇಕೆಂದು ವಿಜ್ಞಾನಿಗಳು ಅಳೆದು ನೋಡಿ, ೧೯೮೦ರಲ್ಲಿ ‘ನೇಚರ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಕರಿಯ ಬಟ್ಟೆ ಹೆಚ್ಚು ಬಿಸಿಯಾಗುವುದೇನೋ ದಿಟ. ಆದರೆ ಅಂಗಿಯೊಳಗೆ ಗಾಳಿಯಾಡುವುದರಿಂದ ಆ ಹೆಚ್ಚಿನ ಬಿಸಿ ಚರ್ಮವನ್ನು ಮುಟ್ಟುವ ಮುನ್ನವೇ ಹೊರಟುಹೋಗುವುದು. ಬಿಳಿಯದಕ್ಕೂ ಕರಿಯದಕ್ಕೂ ಮೈಗೆ ತಗಲುವ ತಾಪದಲ್ಲಿ ಭೇದವಿರಲಿಲ್ಲ. ಬಿಸಿಯಾದ ಗಾಳಿ ಮೇಲಕ್ಕೆ ಕತ್ತಿನ ಕಡೆ ಏರುವುದು, ಕೆಳಗಿನ ಘೇರಿನಿಂದ ಬೇರೆ ಗಾಳಿ ಒಳಬರುವುದು. ನಮ್ಮ ಅಡಿಗೆಮನೆಯ ಹೊಗೆಗೂಡಿನ ನ್ಯಾಯವೇ ಇದು. ಆದುದರಿಂದ ಬೇಸಗೆಯ ಉಡುಪಿಗೆ ಬಣ್ಣಕ್ಕಿಂತ ಮುಖ್ಯವಾದುವು ಮೂರು: ಹತ್ತಿ, ಸಡಿಲ, ಕತ್ತು ತೋಳುಗಳಲ್ಲಿ ಗಾಳಿಗೆ ದಾರಿ.

ಇನ್ನು ಹೊಲಿಗೆಯ ಮಾತು. ಮದುವೆಮನೆಯವರು ಕರೆದೊಯ್ದ ದರ್ಜಿಯು ವಯಸ್ಸಾದವನು, ತಾಳ್ಮೆಯುಳ್ಳವನು. ಅವನು ನಿಲುವಂಗಿಯ ಬಗೆಗಳನ್ನು ಒಂದೊಂದಾಗಿ ವಿವರಿಸಿದನು. ಮೊದಲನೆಯದು ಸಾದಾ ಅಂಗಿ: ಹೆಗಲಿನಿಂದ ಕೆಳಕ್ಕೆ ಮೆಲ್ಲಗೆ ಅಗಲವಾಗುತ್ತ ಹೋಗುವುದು. ೪೪ ಅಂಗುಲ ಪನ್ನದ ಬಟ್ಟೆ ಮೂರು ಮೀಟರು ಸಾಕು. ಹೊಲಿಗೆ ಕಲಿಯುವವರಿಗೂ ಸುಲಭ. ಎರಡನೆಯದು ‘ಕಲಿದಾರ್’: ಮೇಲೆ ಕಿರಿದಾಗಿ ಕೆಳಗೆ ಅಗಲವಾದ ಪಟ್ಟಿಗಳನ್ನು ಕೂಡಿಸಿ ಹೊಲಿದುದು. ನಡೆಯುವಾಗ ಘೇರು ಚೆನ್ನಾಗಿ ಬೀಸುವುದು. ನಾಲ್ಕೈದು ಮೀಟರು ಬೇಕು. ಮೂರನೆಯದು ನಡುವಿನ ಕೆಳಗೆ ಎರಡು ಮೂರು ಅಂತಸ್ತುಗಳಲ್ಲಿ ನೆರಿಗೆ ಹಿಡಿದ ಅಂಗಿ. ಎಳೆಯರಿಗೆ ಒಪ್ಪುವುದು, ತೆಳ್ಳಗಿರುವವರಿಗೆ ಮೈ ತುಂಬಿದಂತೆ ತೋರಿಸುವುದು. ಒದ್ದೆಯಾದರೆ ಮಾತ್ರ ಭಾರ. ನಾಲ್ಕನೆಯದು ಎದೆಯ ಕೆಳಗೆಯೇ ನಡುಕಟ್ಟು ಹಿಡಿದು ಅಲ್ಲಿಂದ ಸಡಿಲವಾಗಿ ಬಿಟ್ಟುದು. ನೆಪೋಲಿಯನ್ ಚಕ್ರವರ್ತಿಯಾಗಿದ್ದ ಕಾಲದಲ್ಲಿ ಫ್ರಾನ್ಸಿನಲ್ಲಿ ಮೆರೆದುದರಿಂದ ಅದಕ್ಕೆ ‘ಎಂಪೈರ್’ ಎಂದು ಹೆಸರು. ಗರ್ಭಿಣಿಯರಿಗೂ ಹೊಟ್ಟೆಯ ಮೇಲೆ ಬಿಗಿತ ಸಹಿಸದವರಿಗೂ ಇದಕ್ಕಿಂತ ಹಿತವಾದುದಿಲ್ಲ. ಐದನೆಯದು ‘ಕಫ್ತಾನ್’: ಎರಡು ಚೌಕದ ಬಟ್ಟೆಗಳನ್ನು ಪಕ್ಕದಲ್ಲಿ ಕೂಡಿಸಿದಂತಿದ್ದು, ತೋಳನ್ನು ಬೇರೆ ಕತ್ತರಿಸದೆ ಹೊಲಿಯುವುದು; ಗಾಳಿಗೆ ಎಲ್ಲಕ್ಕಿಂತ ಮೇಲು. ಆರನೆಯದು ನಾನು ಅರಮನೆಯಲ್ಲಿ ಕಂಡ ಅಂಗರಖಾ.

ಮೊದಲು ನಾನು ಕಫ್ತಾನನ್ನೇ ಒಪ್ಪಿದ್ದೆ. ಆದರೆ ದರ್ಜಿಯು, “ತೊಡುವವರಿಗೆ ಎರಡು ಕೈಯನ್ನೂ ತಲೆಯ ಮೇಲೆ ಎತ್ತಲಾಗುವುದೇ?” ಎಂದು ಕೇಳಿದನು. ನಾನು ಸುಮ್ಮನಾದೆ. ಬಣ್ಣ, ಅಚ್ಚು, ಹೊಳೆ, ಚರಿತ್ರೆ ಎಲ್ಲವನ್ನೂ ವಿಚಾರಿಸಿದ ನನಗೆ, ಯಾವ ತೋಳಿಗಾಗಿ ಇಷ್ಟು ದೂರ ಅಲೆದೆನೋ ಆ ತೋಳೇ ಮರೆತುಹೋಗಿದ್ದಿತು. ತಲೆಯ ಮೇಲಿಂದ ಹಾಕಿಕೊಳ್ಳುವ ಯಾವ ಅಂಗಿಯೂ ಅತ್ತೆಯವರಿಗೆ ಸಲ್ಲದು. ಅಂಗರಖಾ ಒಂದೇ ಮುಂದುಗಡೆ ಪೂರ್ತಿಯಾಗಿ ತೆರೆಯುವುದು. ನೋವಿನ ಕೈಯನ್ನು ಮೊದಲು ತೋಳಿನೊಳಗೆ ತೂರಿಸಿ, ಬೆನ್ನಿನ ಮೇಲೆ ಸುತ್ತಿ ತಂದು, ಒಳ್ಳೆಯ ಕೈಯನ್ನು ಆಮೇಲೆ ಹಾಕಬಹುದು. ತೆಗೆಯುವಾಗ ಒಳ್ಳೆಯ ಕೈ ಮೊದಲು. ಎರಡು ಅಂಚುಗಳೂ ಒಂದರ ಮೇಲೊಂದು ಅಗಲವಾಗಿ ಬರುವುದರಿಂದ ಮೈ ಕಾಣುವ ಭಯವಿಲ್ಲ. ಒಂದು ಕೈಯಿಂದ ಕಸೆ ಕಟ್ಟುವುದು ಕಷ್ಟವೆಂದು, ಒಳಗೆ ಒತ್ತುಗುಂಡಿಗಳನ್ನಿಟ್ಟು ಹೊರಗೆ ಕಸೆಗಳನ್ನು ಅಂದಕ್ಕೆ ಮಾತ್ರ ಬಿಡಲು ದರ್ಜಿಯೇ ಸೂಚಿಸಿದನು. ತೋಳುಗಳನ್ನು ಸಡಿಲವಾಗಿ ಮೊಳಕೈಯ ಕೆಳಗಿನವರೆಗೆ ಇಡಿಸಿದೆವು. ಅಡಿಯ ಅಂಚು ನೆಲದಿಂದ ಎರಡು ಅಂಗುಲ ಮೇಲೆ ನಿಲ್ಲುವಂತೆ ಹೇಳಿದೆ; ನೆಲ ಗುಡಿಸುವ ಅಂಗಿ ಚಿತ್ರಕ್ಕೆ ಚೆಂದ, ಒಮ್ಮೆ ಬಿದ್ದವರಿಗೆ ಅಪಾಯ. ಎಡಪಕ್ಕದಲ್ಲಿ ಒಂದು ಜೇಬು. ಉಳಿದ ಬಟ್ಟೆಯಲ್ಲಿ ಹೆಗಲಿಗೆ ಹೊದೆಯಲು ಒಂದು ಸೆರಗು.

ಬಟ್ಟೆ ಕೊಂಡು ಮನೆಯಲ್ಲಿ ಹೊಲಿಸುವವರಿಗೆ ಒಂದೆರಡು ಸೂಚನೆ. ಹತ್ತಿಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಕತ್ತರಿಸುವ ಮುನ್ನ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ ಒಣಗಿಸಬೇಕು. ನೀಲಿಯ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿಯೇ ಒಗೆಯಬೇಕು. ನೆರಳಿನಲ್ಲಿ, ಒಳಮೈ ಹೊರಗೆ ಮಾಡಿ ಒಣಗಿಸಬೇಕು. ಮಲಮಲ್ ತಂಪು, ಆದರೆ ಮೈ ಕಾಣಿಸುವುದರಿಂದ ಅದಕ್ಕೆ ಹತ್ತಿಯದೇ ಅಸ್ತರು ಬೇಕು. ಹೊಳೆಯುವ ನೂಲಿನ ಅಸ್ತರು ಕೊಟ್ಟರೆ ತಂಪೆಲ್ಲವೂ ವ್ಯರ್ಥ. ಕ್ಯಾಂಬ್ರಿಕ್ ತುಸು ದಪ್ಪ. ಹಿರಿಯರಿಗೆ ಅದೇ ಅನುಕೂಲ.

ಊರಿಗೆ ಬಂದು ಅಂಗಿಯನ್ನು ಅತ್ತೆಯವರ ಮುಂದಿಟ್ಟಾಗ ಅವರು ಅದನ್ನು ಮುಟ್ಟಿದರು, ಮೂಸಿದರು, ತಿರುಗಿಸಿ ಹಿಮ್ಮೈಯನ್ನೂ ನೋಡಿದರು. “ಇದೇನೆ, ನಿನ್ನ ಗಂಡನಿಗೆ ಎಳೆಯದರಲ್ಲಿ ಹಾಕುತ್ತಿದ್ದ ಕಸೆಯಂಗಿಯ ಹಾಗಿದೆ” ಎಂದು ನಕ್ಕರು. ಕೋಣೆಗೆ ಹೋಗಿ ಕದ ಹಾಕಿಕೊಂಡರು. ಸಹಾಯಕ್ಕೆ ಬರಲೇ ಎಂದು ಕೇಳಿದೆ. “ಬೇಡ, ನೀನು ಸುಮ್ಮನಿರು” ಎಂಬ ಉತ್ತರ ಬಂದಿತು. ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಗುಂಡಿಯೊಂದು ತಪ್ಪಿದ್ದಿತು; ನಾನು ನೋಡಿಯೂ ನೋಡದಂತಿದ್ದೆ. ಸೆರಗನ್ನು ಹೆಗಲ ಮೇಲೆ ತಾವೇ ಸರಿಪಡಿಸಿಕೊಂಡು, ಜೇಬನ್ನು ತಡವಿ ನೋಡಿ, ಅದರೊಳಗೆ ಬೀರುವಿನ ಬೀಗದ ಕೈಯನ್ನೂ ಅಡಿಕೆಪುಡಿಯ ಡಬ್ಬಿಯನ್ನೂ ಇಟ್ಟುಕೊಂಡರು. ಸೀರೆಯ ದಿನಗಳಲ್ಲಿ ಸೊಂಟದ ಬಾಳೆಕಾಯಿಯಲ್ಲಿ ಇವೆರಡೂ ಇರುತ್ತಿದ್ದುವು. ಒಂದು ವರ್ಷದಿಂದ ಅವು ಮೇಜಿನ ಮೇಲೆ ಬಿದ್ದಿದ್ದುವು.

ಸೀರೆಯ ಘನತೆ ಸೀರೆಗೇ ಸೇರಿದುದು. ಅದರ ಸ್ಥಾನವನ್ನು ನಿಲುವಂಗಿ ಕಸಿದುಕೊಳ್ಳಲಿ ಎಂದು ನಾನು ಹೇಳುವವಳಲ್ಲ. ಆದರೆ ಉಡುಪಿನ ಮರ್ಯಾದೆ ಅದರ ಹೆಸರಿನಲ್ಲಿಲ್ಲ. ತೊಟ್ಟವರು ತಮ್ಮ ಮನೆಯಲ್ಲಿ ತಲೆಯೆತ್ತಿ ಕುಳಿತುಕೊಳ್ಳುವಂತಿದ್ದರೆ ಅದೇ ಮರ್ಯಾದೆ. ಬೇಸಗೆಯಲ್ಲಿ ಮೈಗೆ ಗಾಳಿ ಬೇಕಾದಂತೆ ಮುಪ್ಪಿನಲ್ಲಿ ಮನಸ್ಸಿಗೆ ನಾಲ್ಕು ಜನರ ಮಾತು ಬೇಕು.

ಆ ಸಂಜೆ ಪಕ್ಕದ ಮನೆಯವರು ಮಾವಿನಕಾಯಿ ಕೊಡಲೆಂದು ಬಂದರು. ಗಂಟೆ ಬಾರಿಸಿತು. ಅಭ್ಯಾಸಬಲದಿಂದ ಅತ್ತೆಯವರು ಎದ್ದರು, ಎರಡು ಹೆಜ್ಜೆ ಒಳಗೆ ಇಟ್ಟರು, ನಿಂತರು. ಆಮೇಲೆ ಹಿಂದಿರುಗಿ ತಮ್ಮ ಹಳೆಯ ಕುರ್ಚಿಯಲ್ಲಿ ಕುಳಿತುಕೊಂಡು ನನ್ನ ಕಡೆ ನೋಡಿ, “ಬಾಗಿಲು ತೆಗಿಯಮ್ಮ, ಕಾಫಿಗೆ ನೀರಿಡು” ಎಂದರು.